ಪೂಜಿ ತುಂಬಿದ ರಾತ್ರಿ

ನವನಗರ. ಪತ್ತಿನ ಸಂಘದ ಎರಡನೇ ಮಹಡಿ.
ಏಸಿ ಸೋರೋ ಕಡೆ ಒಂದು ಪೇಂಟ್ ಡಬ್ಬಿ.
ಕಪಾಟಿನಷ್ಟೆತ್ತರ ಒಂದ ಒಂದು ಯಂತ್ರ,
ಅದರ ಹೊಟ್ಟ್ಯಾಗ ಒಂಬತ್ತು ಯಂತ್ರ,
ಜಗತ್ತಿನ್ಯಾಗ ತಾವೊಬ್ಬರ ಅಂತ ತಿಳಕೊಂಡು ಕುಂತಾವ.

ಹನ್ನೊಂದಕ್ಕ ಕೆಂಪು ಅಕ್ಷರ ಬಂತು: ಜಾಗ ಮುಗೀತು.
ಡವಳಗಿ ಸರ್‌ಗೆ ಫೋನ್ ಹಚ್ಚಿದೆ.
"ಹೊಸಾ ಡಿಸ್ಕಿಗೆ ಠರಾವು ಆಗಬೇಕವಾ,
ಮೀಟಿಂಗು ಇಪ್ಪತ್ತಾರಕ್ಕ. ಇದ್ದದ್ರಾಗ ಹೊಂದಿಸು."

ಇದ್ದದ್ರಾಗ ಇಳದು ನೋಡಿದೆ.
ಏಳನೇ ಮಷೀನು ಹೇಳತೈತಿ:
ನನ್ನ ಕಡೆ ಇರೋದು ತೊಂಬತ್ತ ಜೀಬಿ,
ಉಳಿದದ್ದು ಖಾಲಿ, ತಾಯಾಣಿ.
ಹೊರಗಿನ ಯಂತ್ರದ ಲೆಕ್ಕದಾಗ ಅದು ತಿಂದದ್ದು ಒಂಬೈನೂರು.
ಇಬ್ಬರೂ ಸುಳ್ಳು ಹೇಳೋರಲ್ಲ.
ಒಳಗ ಅಳಿಸಿದ್ದನ್ನ ಹೊರಗಿನವಗ ಯಾರೂ ತಿಳಿಸಿಲ್ಲ, ಅಷ್ಟ.

ಬಿಡಿಸಿಕೊಂಡು ಹೋದ ಬಳಿಗಳ ಫೋಟೋ,
ನಾಪಾಸಾದ ಸಾಲದ ಅರ್ಜಿ,
ಸತ್ತವರ ಹೆಬ್ಬಟ್ಟು.
ಎಂದೋ ಅಳಿಸ್ಯಾರ.
ಅಳಿಸೋದಂದ್ರ ಬಾಗಲದ ಮ್ಯಾಲಿನ ಹೆಸರು ಒರಸೋದು;
ಹಾಸಿಗಿ, ಭಾಂಡೆ ಒಳಗ ಹಂಗ ಇರ್ತಾವ.

ಮೊದಲ ಒಂದು ಹಳೇ ಸ್ನ್ಯಾಪ್‌ಶಾಟ್ ಅಡ್ಡ ನಿಂತಿತ್ತು.
ಹೆಸರು: "ಅಳಸಬ್ಯಾಡ್ರಿ ೨".
ಇಟ್ಟಾವ ದಸ್ತಗೀರ, ನನಕಿಂತ ಮೊದಲ ಇದ್ದಾವ,
ಈಗ ಜಮಖಂಡ್ಯಾಗ ಝೆರಾಕ್ಸ್ ಅಂಗಡಿ.
ನಿದ್ದಿಗಣ್ಣಾಗ ಫೋನ್ ಎತ್ತಿದ.
"ಯಾಕ ಇಟ್ಟಿದ್ದಿಪಾ ಇದನ್ನ?"
"ನೆನಪಿಲ್ಲ ಅಕ್ಕಾ. ಅಂಜಿ ಇಟ್ಟಿರಬೇಕು."
"ಒಂದನೇದು ಎಲ್ಲೈತಿ?"
ಅವ ಬಾಳೊತ್ತು ಸುಮ್ಮನಿದ್ದ.
ತಗದೆ.

ಖಾಲಿ ಅಂತ ಹೊರಗಿನವಗ ನಂಬಿಸಾಕ
ಖಾಲಿ ಜಾಗಾದ ತುಂಬ ಸೊನ್ನಿ ಬರೀಬೇಕು.
ಬರಿಯೂಮುಂದ ಅದು ಇನ್ನಷ್ಟು ಉಬ್ಬತೈತಿ,
ತಿರುಗಿ ಕೊಡೋ ಮೊದಲ ಮತ್ತಷ್ಟು ಬೇಡತೈತಿ.
ಕ್ಯಾಷ್ ಕೌಂಟರಿನ ಹುಣಸಗಿ ಮೇಡಮ್ಮಾರದು,
ಮಗಳ ಮದುವಿ ವಿಡಿಯೋ ತುಂಬಿದ ಡಿಸ್ಕು ಡ್ರಾದಾಗಿತ್ತು.
ಮಧ್ಯರಾತ್ರಿ ಕೇಳಿ ಕಡಾ ತಗೊಂಡೆ,
ಅಕ್ಕಿಕಾಳಿನ ಪಕ್ಕ ಮಷೀನು ಎತ್ತಿಟ್ಟು ಶುರು ಮಾಡಿದೆ.

ಹುಚ್ಚೇಶ ಚಾ ತಂದ. ಜನರೇಟರ್ ನೋಡಕೊಳ್ಳಾವ.
"ಏನ್ ಮಾಡಾಕತ್ತೀರಿ ಅಕ್ಕಾರ?"
"ಪೂಜಿ ತುಂಬಾಕತ್ತೀನಿ."
"ಯಾವ ದೇವರಿಗ್ರಿ?"
"ದೇವರಿಗಲ್ಲೋ. ಲೆಕ್ಕದಾಗಿನ ಪೂಜಿ. ದುಂಡಂದು."

ತಿಳಿಸಿ ಹೇಳಿದೆ. ಬಸಿ ಕೆಳಗಿಟ್ಟ.
"ಹಂಗಂದ್ರ ನಮ್ಮ ಕಿಲ್ಲಾದ ಮನಿನೂ ಹಿಂಗ ಅನ್ರಿ.
ಕಾಗದದಾಗ ಮುಳುಗಡಿ ಅಂತ ಬರದು ಹೆಸರು ಹೊಡದಾರ.
ಮೇ ತಿಂಗಳದಾಗ ಹೊಳಿ ಹಿಂದ ಸರದಾಗ ಹೋಗಿದ್ದೆ.
ನಮ್ಮವ್ವನ ಒಳ್ಳು ಇನ್ನೂ ಐತ್ರಿ,
ಖಾರ ಕುಟ್ಟಿ ಕುಟ್ಟಿ ನುಣ್ಣಗಾದದ್ದು.
ಒಂದು ಕಪ್ಪಿ ಅದರಾಗ ಸಂಸಾರ ಹೂಡೇತಿ."

ಆಮ್ಯಾಲೆ, ಯಾರಿಗೂ ಅಲ್ಲದಂಗ:
"ನೀರೂ ಪೂಜಿ ಇದ್ದಂಗ.
ಎಲ್ಲಾ ಗ್ವಾಡಿ ಮ್ಯಾಲ ಒಂದ ಸಮ ಬರಕೋಂತ ಹೋಗತೈತಿ.
ಆ ಜಾಗಾ ತಿರುಗಿ ಯಾರಿಗೆ ಹೋತ್ರಿ?"

ನಾನು ಪರದಿ ನೋಡಿದೆ.
ಮೂವತ್ತೆಂಟು ಶೇಕಡಾ.
ಅವನ ಮೀಟರ್ ಕಡೆ ಕೈ ಮಾಡಿ ನಕ್ಕ:
"ಆಲಮಟ್ಟಿ ಕರೆಂಟು. ನಮ್ಮ ಓಣಿ ಒಂದೀಟು
ಇದರಾಗ ಗುಂಯ್ ಅನ್ನಾಕತ್ತಿರಬೇಕು."

ಮೂರೂವರಿಗೆ ಪೂಜಿ ಮುಗೀತು.
ಮಷೀನು ಮಲಗಿಸಿ,
ಹಸಿ ಕೌದಿ ಹಿಂಡಿದಂಗ ಹಿಂಡಿದೆ.
ಒಂಬೈನೂರು ಇದ್ದದ್ದು ತೊಂಬತ್ತನಾಲ್ಕಕ್ಕ ಇಳೀತು.
ಆ ನಾಕು ಯಾತರದೋ ಗೊತ್ತಾಗಲಿಲ್ಲ.
ತಿರುಗಿ ಎಬ್ಬಿಸಿದಾಗ ಅದು ಏನೂ ಆಗಿಲ್ಲ ಅನ್ನೋ ಹಂಗ
ತಾರೀಖು ಕೇಳಿತು, ಕೆಲಸಕ್ಕ ಹತ್ತಿತು.

ಹತ್ತಕ್ಕ ಡವಳಗಿ ಸರ್ ಬಂದರು.
"ಎಂಟನೂರು ಉಳಿಸಿದಿ? ಭೇಷ್!
ಹಂಗಾದ್ರ ಡಿಸ್ಕಿನ ಠರಾವು ಬ್ಯಾಡ ಬಿಡು.
ಹೊಸಾ ಕ್ಯಾಮರಾದ್ದು ರೆಕಾರ್ಡಿಂಗು
ಎಲ್ಲಿಡೋದು ಅಂತ ಚಿಂತಿ ಇತ್ತು."

ಪೇಂಟ್ ಡಬ್ಬಿ ತುಂಬಿತ್ತು.
ಹುಚ್ಚೇಶ ಅದನ್ನ ಕೆಳಗ ಒಯ್ದು
ಕರಿಬೇವಿನ ಗಿಡಕ್ಕ ಸುರುವಿ,
ಬರಿ ಡಬ್ಬಿ ತಂದು
ಹನಿ ಬೀಳೋ ಕಡೆ, ನೋಡಿ ನೋಡಿ, ಇಟ್ಟ.